ಮುಖ ಮುಚ್ಚಿದ ಮೇಲೆ ಗಾಳಿ ನಿಂತರೆ

ಗಂಜಾಂ

ನಾನು ಪಾಂಡವಪುರದಲ್ಲಿ ಮೋಟಾರು ಸುತ್ತುವವನು. ಸುಟ್ಟುಹೋದ ಪಂಪುಸೆಟ್ಟನ್ನು ತಂದು ಅಂಗಡಿ ಮುಂದೆ ಇಳಿಸಿದರೆ, ಹಳೇ ತಂತಿ ಬಿಚ್ಚಿ ಹೊಸದು ಸುತ್ತಿ ಕೊಡುತ್ತೇನೆ. ಇಂಥವನಿಗೆ ಸಮುದ್ರ ದಾಟಿ ಹೋಗುವ ಕೆಲಸ ಏನು ಬಂತು ಎಂದು ನೀವು ಕೇಳಬಹುದು. ನನ್ನನ್ನು ಲಂಕೆಗೆ ಕಳಿಸಿದ್ದು ಒಂದು ಪ್ರಶ್ನೆ. ಅದನ್ನು ಕೇಳಿದವಳು ನನ್ನ ಅಕ್ಕನ ಸೊಸೆ ಸವಿತ.

ಅಕ್ಕ ಜಯಮ್ಮನನ್ನು ಗಂಜಾಂಗೆ ಕೊಟ್ಟಿದ್ದೆವು. ಅವಳ ಮಗ ಪುಟ್ಟರಾಜು ಹೊಳೆ ದಂಡೆಯಲ್ಲೇ ಬೆಳೆದವನು. ಈಗ ನಾಲ್ಕು ಸೀಮೆಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾನೆ. ಅದರ ಜೊತೆಗೆ ಮುಳುಗುವ ಹುಡುಗರದೊಂದು ತಂಡಕ್ಕೆ ಅವನೇ ಹಿರಿಯ. ಶ್ರೀರಂಗಪಟ್ಟಣದ ಹೊಳೆಯಲ್ಲಿ ಯಾರಾದರೂ ಕಾಣೆಯಾದರೆ, ಪಾಂಡವಪುರದ ನಾಲೆಗೆ ಕಾರು ಉರುಳಿದರೆ, ಕೆ.ಆರ್. ಪೇಟೆಯ ಕೆರೆಯಲ್ಲೋ ನಾಗಮಂಗಲದ ಕಡೆಯ ಬಾವಿಯಲ್ಲೋ ಹುಡುಕಬೇಕಾದರೆ, ಮೊದಲ ಫೋನು ಬರುವುದು ಇವನಿಗೆ. ಹಾಲು ಕರೆಯುತ್ತಿದ್ದರೂ ಬಿಂದಿಗೆ ಇಟ್ಟು ಎದ್ದು ಹೋಗುತ್ತಾನೆ.

ಹೋದ ಮಳೆಗಾಲದಲ್ಲಿ ಹಳೇ ಸೇತುವೆಯ ಕೆಳಗೆ ಮುಳುಗಿದ್ದಾಗ, ಕಂಬಕ್ಕೆ ಸಿಕ್ಕಿಕೊಂಡಿದ್ದ ಹರಿದ ಬಲೆಯ ಹಗ್ಗವೊಂದು ಇವನ ಬಾಯಲ್ಲಿದ್ದ ಗಾಳಿಯ ಕೊಳವೆಯನ್ನು ಕಿತ್ತುಕೊಂಡಿತು. ಕೆಂಪು ನೀರಿನಲ್ಲಿ ತನ್ನ ಕೈಯೇ ತನಗೆ ಕಾಣುತ್ತಿರಲಿಲ್ಲವಂತೆ. ತಡಕಾಡಿ ತಡಕಾಡಿ ಮೇಲೆ ಬಂದ. ಬಂದವನು ಕುಡಿದ ನೀರಿಗೆ ಜ್ವರ ಹಿಡಿದು ಮಲಗಿದ. ಆಮೇಲೆ ನಾಲ್ಕೂ ತಾಲ್ಲೂಕಿನ ಹಾಲಿನ ಸಂಘದವರು, ಯುವಕ ಸಂಘದವರು ಸೇರಿ, ತಂಡಕ್ಕೆ ಇಡೀ ಮುಖ ಮುಚ್ಚುವ ಮಾಸ್ಕು ಕೊಡಿಸೋಣ ಎಂದರು. ಅದನ್ನು ಹಾಕಿದರೆ ಬಾಯಲ್ಲಿ ಏನನ್ನೂ ಕಚ್ಚಿಕೊಳ್ಳಬೇಕಿಲ್ಲ. ಕಿತ್ತುಹೋಗುವ ಭಯವಿಲ್ಲ, ಕೊಳಕು ನೀರು ಕಣ್ಣು ಬಾಯಿಗೆ ತಾಕುವುದಿಲ್ಲ. ಒಳಗೆ ಮೂಗಿನಲ್ಲೇ ಉಸಿರಾಡಬಹುದು.

ಎಲ್ಲರೂ ತಲೆದೂಗಿದ ಮೇಲೆ, ಕಾಫಿ ಲೋಟ ಎತ್ತಲು ಬಂದ ಸವಿತ ನನ್ನ ಹತ್ತಿರ ನಿಂತಳು. ಆಗ ಅವಳು ಬಸುರಿ.

"ಮಾವ, ಮೊಕ ಎಲ್ಲಾ ಮುಚ್ಬುಟ್ಮೇಲೆ ಗಾಳಿ ನಿಂತೋದ್ರೆ ಉಸ್ರು ಎಲ್ಲಿಂದ ತಕ್ಕತಾರೆ?"

ಅವಳು ಲೋಟ ಜೋಡಿಸುತ್ತಲೇ ಹೇಳಿದಳು: "ಅದುಕ್ಕೊಂದು ಉತ್ರ ತಕ್ಕಂಡ್ ಬನ್ನಿ. ಇಲ್ದಿದ್ರೆ ಈ ಕೆಲ್ಸ ಬುಟ್ಬುಡ್ಲಿ. ಅಸ ನೋಡ್ಕಂಡ್ ಮನೇಲಿರ್ಲಿ."

ಮಾರುವವರು ಫೋನಿಗೆ ಫೋಟೊ ಕಳಿಸಿದರು. ಒಂದಕ್ಕಿಂತ ಒಂದು ಚೆಂದ. ಆದರೆ ಫೋಟೊದೊಳಗೆ ಹೋಗಿ ಉಸಿರಾಡಿ ನೋಡುವುದಕ್ಕೆ ಆಗುವುದಿಲ್ಲವಲ್ಲ. ಹಡಗಿನ ತಳ ನೋಡುವ ಮುಳುಗುಗಾರರಿಗೆ ಲಂಕೆಯ ತ್ರಿಂಕೋಮಲಿಯಲ್ಲಿ ಪಾಠ ಹೇಳುವವರೊಬ್ಬರಿದ್ದಾರೆ, ಅವರಲ್ಲಿ ಎಲ್ಲ ಬಗೆಯ ಮಾಸ್ಕೂ ಇವೆ, ಹಾಕಿ ನೋಡಿ ಆರಿಸಿಕೊಳ್ಳಬಹುದು ಎಂದು ಗೊತ್ತಾಯಿತು. ನಾನು ಹರೆಯದಲ್ಲಿ ಮೋಟಾರು ಕೆಲಸ ಕಲಿತದ್ದು ಕೊಯಮತ್ತೂರಿನಲ್ಲಿ, ತಮಿಳು ಬರುತ್ತದೆ. ಗಾಳಿಯೋ ನೀರೋ, ಕವಾಟದ ಸಂಗತಿಯೂ ಅಷ್ಟಿಷ್ಟು ಗೊತ್ತು. ಹಾಗಾಗಿ ಅಳಿಯನ ಜೊತೆಗೆ ನನ್ನನ್ನೂ ಹೊರಡಿಸಿದರು.

ಅಡ್ಡ ನಿಂತದ್ದು ಸಂಪ್ರದಾಯ. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಬಾರದು, ಹೆಣ ಹೊರಬಾರದು, ಸಮುದ್ರದಲ್ಲಿ ಮೀಯಬಾರದು. ನಮ್ಮಜ್ಜಿ ಇದನ್ನೆಲ್ಲ ಅಕ್ಕನಿಗೆ ಬಾಯಿಪಾಠ ಮಾಡಿಸಿದ್ದಾಳೆ, ಜೊತೆಗೆ ಒಂದೊಂದಕ್ಕೂ ಇರುವ ಹಿಂಬಾಗಿಲನ್ನೂ ತೋರಿಸಿಕೊಟ್ಟಿದ್ದಾಳೆ. ಅಕ್ಕ ತೀರ್ಪು ಕೊಟ್ಟಳು.

"ರಬ್ಬರ್ ಅಂಗಿ ಇಕ್ಕಂಡು, ಮೊಕಕ್ಕೆ ಗಾಜು ಕಟ್ಕಂಡು ಇಳುದ್ರೆ ಅದ್ಯಾವ್ ಸೀಮೆ ಸ್ನಾನ್ವಲಾ? ಅದು ಕೆಲ್ಸ. ಓಗ್ಬರ್ಲಿ."

ಆದರೆ ಗಡ್ಡ ಮಾತ್ರ ಗಡ್ಡವೇ ಎಂದಳು. ಪುಟ್ಟರಾಜುವೂ ಅದನ್ನು ಮುಟ್ಟುವ ಮಾತೆತ್ತಲಿಲ್ಲ. ಆಗಲೇ ಅದು ಅಂಗಿಯ ಕೊರಳಗುಂಡಿ ಮುಟ್ಟುತ್ತಿತ್ತು.

ಕೊಲಂಬೊ

ವಿಮಾನ ನಿಲ್ದಾಣದಲ್ಲಿ ನಮ್ಮನ್ನು ತಡೆದದ್ದು ಬೆಲ್ಲ. ಬರಿಗೈಯಲ್ಲಿ ಹೋಗಬಾರದೆಂದು ನಾನು ಪಾಂಡವಪುರದ ಆಲೆಮನೆಯಿಂದ ಬಿಸಿಬಿಸಿ ಅಚ್ಚುಬೆಲ್ಲ ಕಟ್ಟಿಸಿಕೊಂಡಿದ್ದೆ. ಯಂತ್ರದೊಳಗೆ ಹೋದ ಚೀಲ ಹೊರಗೆ ಬಂದಾಗ ಅಧಿಕಾರಿಯ ಹುಬ್ಬು ಗಂಟಿಕ್ಕಿತ್ತು. ಬಿಚ್ಚಿಸಿದ. ನಾನು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನೂ ಒಂದು ಚೂರು ನಾಲಿಗೆ ಮೇಲೆ ಇಟ್ಟುಕೊಂಡ, ಪಕ್ಕದವನನ್ನು ಕರೆದು ಅವನ ಕೈಗೂ ಕೊಟ್ಟ. ಹೋಗಿ ಎಂದು ಕೈ ಮಾಡಿದ. ಅಲ್ಲಿಯವರೂ ನಮ್ಮ ಹಾಗೆಯೇ ತಲೆ ಅಲ್ಲಾಡಿಸುತ್ತಾರೆ. ಹೌದೋ ಅಲ್ಲವೋ ಎಂದು ಹೊರಗಿನವರು ತಬ್ಬಿಬ್ಬಾಗಬಹುದು, ಮಂಡ್ಯದ ಕಡೆಯವರಿಗೆ ಮಾತ್ರ ಆಗುವುದಿಲ್ಲ.

ತ್ರಿಂಕೋಮಲಿಯ ಬಸ್ಸಿನಲ್ಲಿ ಇನ್ನೊಂದು ಫಜೀತಿ. ಬಾಗಿಲ ಹತ್ತಿರದ ಮುಂದಿನ ಸೀಟು ಖಾಲಿ ಇತ್ತು. ನಮ್ಮೂರಿನಲ್ಲಿ ಖಾಲಿ ಸೀಟು ಕಂಡರೆ ಕಿಟಕಿಯಿಂದಲೇ ಟವೆಲು ಎಸೆಯುವವರು ನಾವು. ಪುಟ್ಟರಾಜು ಹೋಗಿ ಕೂತ. ಆ ಸೀಟು ಬೌದ್ಧ ಭಿಕ್ಷುಗಳಿಗೂ ಸ್ವಾಮಿಗಳಿಗೂ ಮೀಸಲು ಎಂದು ನಮಗೇನು ಗೊತ್ತು. ಕಂಡಕ್ಟರು ಇವನ ಗಡ್ಡ ನೋಡಿದ, ಏನೂ ಹೇಳದೆ ಮುಂದೆ ಹೋದ. ದಾರಿಯಲ್ಲಿ ಹತ್ತಿದ ಒಬ್ಬ ಅಜ್ಜಿ ಕೈಮುಗಿದು ಇವನ ಮಡಿಲಲ್ಲಿ ಒಂದು ಚಿಪ್ಪು ಬಾಳೆಹಣ್ಣು ಇಟ್ಟಳು.

"ಮಾವ, ಏಳ್ಬುಡ್ಲಾ?" ಎಂದು ಇವನು ಹಿಂದೆ ತಿರುಗಿ ಪಿಸುಗುಟ್ಟಿದ.

"ಅಣ್ಣ್ ತಿಂದ್ಮೇಲೆ ಏಳು. ಈಗೆದ್ರೆ ಅಜ್ಜಿ ನೊಂದ್ಕತದೆ," ಎಂದೆ.

ಮುಂದಿನ ಊರಿನಲ್ಲಿ ನಿಜವಾದ ಭಿಕ್ಷು ಒಬ್ಬರು ಹತ್ತಿದರು. ಇವನು ದಡಬಡಿಸಿ ಎದ್ದ. ಅವರು ನಕ್ಕು, ಪಕ್ಕದಲ್ಲೇ ಕೂರು ಎಂದು ಇವನ ಭುಜ ತಟ್ಟಿ ಕೂರಿಸಿಕೊಂಡರು. ಬಾಳೆಹಣ್ಣು ಮೂವರಿಗೂ ಆಯಿತು.

ತ್ರಿಂಕೋಮಲಿ

ಆ ಊರಿನಲ್ಲಿ ಜಿಂಕೆಗಳು ಬೀದಿಯಲ್ಲಿ ಓಡಾಡುತ್ತವೆ. ನಮ್ಮ ಪೇಟೆಯಲ್ಲಿ ಬಿಡಾಡಿ ದನಗಳಿದ್ದ ಹಾಗೆ, ತರಕಾರಿ ಅಂಗಡಿಯ ಮುಂದೆ ಚುಕ್ಕೆ ಜಿಂಕೆ ನಿಂತು ಎಲೆಕೋಸಿನ ಸಿಪ್ಪೆಗೆ ಕಾಯುತ್ತದೆ. ನಾವು ಇಳಿದುಕೊಂಡ ಮನೆಯ ಕಾಂಪೌಂಡಿನ ಮೇಲೆ ಒಣಹಾಕಿದ್ದ ನನ್ನ ಬನಿಯನ್ನನ್ನು ಒಂದು ಜಿಂಕೆ ಅರ್ಧ ಜಗಿದು ಬಿಟ್ಟಿತ್ತು.

ಪಾಠ ಹೇಳುವವರ ಹೆಸರು ಯೋಗನಾಥನ್. ಎಲ್ಲರೂ ಯೋಗಣ್ಣ ಎನ್ನುತ್ತಾರೆ. ನನ್ನ ವಯಸ್ಸಿನವರು. ಅವರ ತಮಿಳು ಬೇರೆ ರಾಗದ್ದು, ನನ್ನದು ಮೋಟಾರು ಅಂಗಡಿಯ ತಮಿಳು. ಆದರೂ ಗಾಡಿ ಓಡಿತು. ಮೊದಲಿಗೆ ಚಹಾ ತಂದರು, ಹಾಲೂ ಇಲ್ಲ, ಸಕ್ಕರೆಯೂ ಇಲ್ಲ. ಪಕ್ಕದಲ್ಲಿ ತಾಳೆ ಜಾತಿಯ ಬಗನಿ ಮರದ ಬೆಲ್ಲದ ಚೂರು. ಬೆಲ್ಲ ಕಚ್ಚಿಕೊಂಡು ಕಹಿ ಚಹಾ ಹೀರುವುದು ಅವರ ಪದ್ಧತಿ. ನಾನು ನಮ್ಮ ಅಚ್ಚುಬೆಲ್ಲ ಮುಂದಿಟ್ಟೆ. ಅದನ್ನು ಕಚ್ಚಿ ಒಂದು ಗುಟುಕು ಕುಡಿದು ಅವರು ಕಣ್ಣು ಮುಚ್ಚಿದರು. ಅಲ್ಲಿಂದಾಚೆಗೆ ಪಾಠ ಸಲೀಸಾಯಿತು.

ನಾನು ಸವಿತಳ ಪ್ರಶ್ನೆಯನ್ನು ಹಾಗೆಯೇ ಅವರ ಮುಂದಿಟ್ಟೆ. ಎಲ್ಲರೂ ಮೊದಲು ಮಾಸ್ಕಿನ ಅಂದ ನೋಡುತ್ತಾರೆ, ನಿಮ್ಮ ಹುಡುಗಿ ಮೊದಲು ಕೇಳಬೇಕಾದದ್ದನ್ನೇ ಕೇಳಿದ್ದಾಳೆ ಎಂದರು. ಆಮೇಲೆ ಸಾಮಾನು ಹರಡಿದರು.

ರೆಗ್ಯುಲೇಟರು ಎಂದರೆ ಸಿಲಿಂಡರಿನ ಒತ್ತಡವನ್ನು ತಗ್ಗಿಸಿ ಉಸಿರಿಗೆ ಎಷ್ಟು ಬೇಕೋ ಅಷ್ಟು ಕೊಡುವ ಕವಾಟ. ಹೊರಡುವಾಗ ನಮ್ಮಕ್ಕ ಅದನ್ನು ಅಡುಗೆ ಗ್ಯಾಸಿನದು ಎಂದುಕೊಂಡಿದ್ದಳು, ಅದು ತೀರಾ ತಪ್ಪೂ ಅಲ್ಲ. ನಿಮ್ಮ ಹೊಳೆಯಲ್ಲಿ ಕೆಸರು, ಮರಳು ಜಾಸ್ತಿ, ಹಾಗಾಗಿ ಸಿಲಿಂಡರಿಗೆ ಕೂರುವ ಕವಾಟ ಹೊರಗಿನ ನೀರು ಒಳಗೆ ನುಗ್ಗದಂತೆ ಮುಚ್ಚಿಕೊಂಡಿರಬೇಕು ಎಂದರು. ಸಿಲಿಂಡರು ಖಾಲಿಯಾಗುತ್ತಾ ಬಂದಾಗಲೂ ಉಸಿರು ಭಾರವಾಗಬಾರದು. ಮಾಸ್ಕಿನಲ್ಲಿ ಎರಡು ಜಾತಿ. ನಾವು ಎಳೆದಾಗ ಮಾತ್ರ ಗಾಳಿ ಕೊಡುವುದು ಒಂದು. ಒಳಗೆ ಯಾವಾಗಲೂ ಚೂರು ಹೆಚ್ಚಿನ ಒತ್ತಡ ಇಟ್ಟುಕೊಂಡು ನೀರನ್ನು ಹೊರಕ್ಕೆ ತಳ್ಳುತ್ತಲೇ ಇರುವುದು ಇನ್ನೊಂದು. ಕೊಳಕು ನೀರಿಗೆ ಎರಡನೆಯದು ವಾಸಿ.

ಗಾಳಿ ನಿಂತರೆ? ಅದಕ್ಕೆ ಅವರು ಎರಡು ಉತ್ತರ ಇಟ್ಟರು. ಬೆನ್ನಿನ ದೊಡ್ಡ ಸಿಲಿಂಡರಿನ ಪಕ್ಕದಲ್ಲಿ ಒಂದು ಮರಿ ಸಿಲಿಂಡರು, ಅದಕ್ಕೆ ಅದರದೇ ಕವಾಟ. ಎದೆಯ ಮೇಲೆ ಒಂದು ಸಣ್ಣ ಪೆಟ್ಟಿಗೆ, ಅದರ ಗುಬುಟು ತಿರುಗಿಸಿದರೆ ಮರಿ ಸಿಲಿಂಡರಿನ ಗಾಳಿ ಅದೇ ಮಾಸ್ಕಿನೊಳಕ್ಕೆ ಬರುತ್ತದೆ. ಮುಖ ಬಿಚ್ಚಬೇಕಿಲ್ಲ. ಮಾಸ್ಕೇ ಒಡೆದರೋ? ಆಗ ಅದನ್ನು ಕಿತ್ತೆಸೆಯಬೇಕು. ಅದಕ್ಕಾಗಿ ಮರಿ ಸಿಲಿಂಡರಿನಿಂದ ಇನ್ನೊಂದು ಬಾಯಿಕೊಳವೆ ರಬ್ಬರ್ ಉಂಗುರದಲ್ಲಿ ತಾಳಿಯ ಹಾಗೆ ಕತ್ತಿನಲ್ಲೇ ತೂಗುತ್ತಿರಬೇಕು. ತೊಡೆಯ ಜೇಬಿನಲ್ಲಿ ಕಣ್ಣಿಗೆ ಕಟ್ಟುವ ಸಾದಾ ಗಾಜು ಇರಬೇಕು.

ಎರಡನೇ ಗಾಳಿ ಎಂದ ಮೇಲೆ ಅದು ಎರಡನೇ ಸಿಲಿಂಡರಿನಿಂದಲೇ ಬರಬೇಕು ಎಂದು ಅವರು ಮತ್ತೆ ಮತ್ತೆ ಹೇಳಿದರು. ಒಂದೇ ಬಾವಿಗೆ ಎರಡು ಮೋಟಾರು ಇಳಿಸಿದರೆ ಬಾವಿ ಬತ್ತಿದ ದಿನ ಎರಡೂ ಸುಮ್ಮನಾಗುತ್ತವಲ್ಲ. ನನಗೆ ಆ ಲೆಕ್ಕ ಚೆನ್ನಾಗಿ ಅರ್ಥವಾಯಿತು.

ಒಂದು ಷರತ್ತನ್ನೂ ಹಾಕಿದರು. ಇವನು ಎರಡೂ ಉಪಾಯವನ್ನು ನೀರಿನೊಳಗೆ ಮಾಡಿ ತೋರಿಸಬೇಕು. ಆಗ ಮಾತ್ರ, ತಂಡಕ್ಕೆ ಇದು ಆಗುತ್ತದೆ, ಮಿಕ್ಕ ಹುಡುಗರಿಗೆ ಇವನೇ ಹೇಳಿಕೊಡಲಿ ಎನ್ನುತ್ತಾರೆ. ಇಲ್ಲದಿದ್ದರೆ ಇಲ್ಲ.

ಪುಟ್ಟರಾಜು ತಳ್ಳುವ ಜಾತಿಯ ಮಾಸ್ಕು ಹಾಕಿಕೊಂಡು ಇಳಿದ, ಪಕ್ಕದಲ್ಲೇ ಯೋಗಣ್ಣನೂ ಇಳಿದರು. ದೋಣಿ ಕಟ್ಟುವ ದಕ್ಕೆಯ ಮೇಲೆ ಕೂತಿದ್ದ ನನಗೆ ಕಾಣುತ್ತಿದ್ದದ್ದು ಇಬ್ಬರ ಗುಳ್ಳೆ ಮಾತ್ರ. ಪುಟ್ಟರಾಜುವಿನವು ಅವನ ಉಸಿರಿಗೆ ತಕ್ಕ ಹಾಗೆ ಬಿಟ್ಟುಬಿಟ್ಟು ಬರಬೇಕಿತ್ತು. ಬದಲಿಗೆ ಅಕ್ಕಿ ಕುದಿಯುವ ಹಾಗೆ ಒಂದೇ ಸಮನೆ ಬುಳುಬುಳು ಎನ್ನುತ್ತಿದ್ದವು. ಯೋಗಣ್ಣ ಅವನನ್ನು ಬೇಗನೆ ಮೇಲಕ್ಕೆ ಕರೆತಂದರು. ಸಿಲಿಂಡರಿನ ಗಾಳಿ ಅರ್ಧಕ್ಕೆ ಇಳಿದಿತ್ತು. ಗಡ್ಡದ ಕೂದಲ ಸಂದಿಯಿಂದ ಸೋರಿ ಸೋರಿ ಹೋಗಿತ್ತು.

ಎಳೆದಾಗ ಕೊಡುವ ಜಾತಿಯದನ್ನು ಹಾಕಿಸಿದರು. ಅದರಲ್ಲಿ ಗಾಳಿ ಹೊರಗೆ ಹೋಗುವ ಬದಲು ನೀರು ಒಳಗೆ ಬಂತು. ಇವನು ಗಡ್ಡಕ್ಕೆ ವ್ಯಾಸಲೀನು ಮೆತ್ತಿಕೊಂಡ, ಆಮೇಲೆ ಕೊಬ್ಬರಿ ಎಣ್ಣೆಯನ್ನೂ ಹಚ್ಚಿಕೊಂಡ. ಮಾಸ್ಕು ಜಾರಿ ಕಿವಿಯ ಕಡೆ ತಿರುಗಿತು. ದಕ್ಕೆಯಲ್ಲಿದ್ದ ಮೀನುಗಾರರು ಬಿದ್ದು ಬಿದ್ದು ನಕ್ಕರು, ಇವನೂ ನಕ್ಕ. ಯೋಗಣ್ಣ ನಗಲಿಲ್ಲ. ಗಡ್ಡ ಇರುವವರೆಗೆ ನಾನು ಇವನನ್ನು ಮತ್ತೆ ಇಳಿಸುವುದಿಲ್ಲ, ಸೋರುವ ಮಾಸ್ಕಿಗೆ ಎಷ್ಟು ಮರಿ ಸಿಲಿಂಡರು ಕಟ್ಟಿದರೂ ಸಾಲದು ಎಂದುಬಿಟ್ಟರು.

ಜಿಂಕೆಗಳ ಮನೆ

ಅಂದು ಸಾಯಂಕಾಲ ಮನೆಯ ಜಗಲಿಯಲ್ಲಿ ಕೂತು ತೆಂಗಿನಕಾಯಿ ರೊಟ್ಟಿ ತಿನ್ನುತ್ತಿದ್ದೆವು. ಕೆಂಪು ಮೆಣಸಿನಕಾಯಿ ಹಾಕಿ ಅರೆದ ಕಾಯಿಚಟ್ನಿ ನಮ್ಮ ಕಡೆಯದಕ್ಕಿಂತ ಖಾರ. ಪುಟ್ಟರಾಜು ರೊಟ್ಟಿ ಮುರಿದು ಮುರಿದು ಜಿಂಕೆಗೇ ಹಾಕುತ್ತಿದ್ದ.

"ಬೋಳ್ಸುದ್ರೆ ಏನ್ಲಾ ಆದದು? ಕೂದ್ಲು ತಾನೆ," ಎಂದೆ.

"ಕೂದ್ಲೇಯ. ಆದ್ರೂ ನಾಳಿಕೆ ಮಗೀಗೆ ಒಂದ್ ನೆಗ್ಡಿ ಬಂದ್ರೂ ನಾನು ನನ್ ಗದ್ದ ಮುಟ್ನೋಡ್ಕತೀನಿ, ಮಾವ. ಅಂಗ್ ಬದುಕಾಕಾಯ್ತದಾ?"

ಅವನು ಹೆದರುಪುಕ್ಕಲನಲ್ಲ. ಯಾರೂ ಇಳಿಯದ ಮಡುವಿಗೆ ಇಳಿದವನು. ಆ ಮಗುವಿಗಾಗಿ ಇವನು ಕೈಯಾರೆ ಮಾಡಬಹುದಾದದ್ದು ಸದ್ಯಕ್ಕೆ ಇದೊಂದೇ, ಗಡ್ಡ ಬಿಡುವುದು. ಗಡ್ಡ ತೆಗೆದರೆ ಆ ಸಮಾಧಾನ ಹೋಯಿತು. ಬಿಟ್ಟರೆ ಮಾಸ್ಕು ಹೋಯಿತು, ಹೊಳೆಯ ಕೆಲಸ ಹೋಯಿತು. ಮತ್ತೆ ಹಳೇ ಕೊಳವೆ ಕಚ್ಚಿಕೊಂಡು ಕೆಂಪು ನೀರಿಗೆ ಇಳಿದಾನು ಎಂಬ ಹೆದರಿಕೆ ನನಗೆ. ಯಾರಾದರೂ ತಾಯಿ ದಡದಲ್ಲಿ ನಿಂತು ಅತ್ತರೆ ಇವನು ಇಳಿಯದೆ ಇರುವವನಲ್ಲ.

ಫೋನು ಹಚ್ಚಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಆ ಕಡೆ ಹಸು ಅಂಬಾ ಎನ್ನುವುದು ಕೇಳುತ್ತಿತ್ತು.

"ಪೂರಾ ಬೋಳುಸ್ಬೇಕಾ?" ಎಂದಳು ಅಕ್ಕ.

"ಪೂರಾ ಏನಿಲ್ಲಕ್ಕ. ರಬ್ಬರ್ ಅಂಚು ಕೂರೋ ಜಾಗ ಮಾತ್ರ. ಕಿವಿ ಮುಂದ್ಗಡೆಯಿಂದ ಇಳುದು, ಗದ್ದದ ಕೆಳುಗ್ ಸುತ್ಕಂಡು ಆ ಕಡೆ ಕಿವಿಗೆ."

"ಮೀಸೆ? ಗದ್ದದ ಮೇಲ್ಗಡೇದು?"

"ಅವು ಮಾಸ್ಕಿನ ಒಳಗೇ ಇರ್ತವೆ."

"ಅಂಗಾರೆ ಅದು ಕ್ಷೌರ ಅಲ್ಲ ಕಣ್ಲಾ ನಂಜ. ಗದ್ದೆ ಬದು ಸವರ್ದಂಗೆ. ಬದು ಸವರುದ್ರೆ ಪೈರು ಕುಯ್ದಂಗಾಯ್ತದಾ?" ಹಾಗೆಯೇ ಸೇರಿಸಿದಳು: "ಅಂಗ್ಡಿಗೆ ಮಾತ್ರ ಕರ್ಕಂಡ್ ಓಗ್ಬ್ಯಾಡ. ಸೋದರಮಾವ ನೀನು. ಮಕ್ಳ ಮುಡಿ ತೆಗೆಯೋವಾಗ ಮೊದ್ಲು ಕತ್ರಿ ಇಕ್ಕೋನು ಸೋದರಮಾವ್ನೇ ತಾನೆ? ಇದುಕ್ಕೂ ನೀನೇ ಇಕ್ಕು."

ಫೋನಿನ ಸ್ಪೀಕರಿನಲ್ಲಿ ಅದನ್ನು ಕೇಳಿಸಿಕೊಂಡಿದ್ದ ಪುಟ್ಟರಾಜುವಿನ ಭುಜ ಇಳಿದದ್ದನ್ನು ನೋಡಿದೆ. ಕೈಯಲ್ಲಿದ್ದ ರೊಟ್ಟಿಯನ್ನು ಆಗ ತನ್ನ ಬಾಯಿಗೆ ಹಾಕಿಕೊಂಡ.

ಮತ್ತೆ ದಕ್ಕೆಗೆ

ಬೆಳಿಗ್ಗೆ ಯೋಗಣ್ಣನಿಗೆ ಅಕ್ಕನ ತೀರ್ಪು ತಿಳಿಸಿದೆ. ಅವರು ಬದುವಿನ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಮಾಸ್ಕನ್ನು ಪುಟ್ಟರಾಜುವಿನ ಮುಖಕ್ಕೆ ಒತ್ತಿ ಹಿಡಿದು, ಅದರ ಅಂಚಿನ ಗುಂಟ ಮೀನುಪೆಟ್ಟಿಗೆಗೆ ಗುರುತು ಹಾಕುವ ಬಿಳಿ ಪೆನ್ನಿನಲ್ಲಿ ಗೆರೆ ಎಳೆದರು. ನಾನು ಕತ್ತರಿ ಹಿಡಿದೆ, ಆಮೇಲೆ ರೇಜರು. ಉದ್ದ ಕೂದಲು ಗೆರೆಯ ಮೇಲೆ ಬಂದು ಕೂರದಂತೆ ಗದ್ದದ ಗಡ್ಡವನ್ನು ರಬ್ಬರ್ ಬ್ಯಾಂಡಿನಲ್ಲಿ ಮೇಲಕ್ಕೆ ಮಡಿಸಿ ಕಟ್ಟಿದೆವು. ಕೆಲಸ ಮುಗಿದಾಗ ಮುಖದ ಸುತ್ತ ಎರಡು ಬೆರಳಗಲ ನುಣ್ಣನೆಯ ದಾರಿ, ನಡುವೆ ಗಡ್ಡದ ಒಂದು ತಾಕು. ಕತ್ತರಿಸಿದ ಕೂದಲನ್ನು ಅವನು ಕರ್ಚೀಫಿನಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡ. ಕಾವೇರಿಗೇ ಬಿಡುತ್ತಾನಂತೆ.

ಈ ಸಲ ಗುಳ್ಳೆ ಬಿಟ್ಟುಬಿಟ್ಟು ಬಂತು, ಉಸಿರಿಗೊಂದು ಗೊಂಚಲು. ಎದೆಯ ಗುಬುಟು ತಿರುಗಿಸುವ ಪಾಠ ಒಂದೇ ಸಲಕ್ಕೆ ಆಯಿತು. ಇನ್ನು ಮಾಸ್ಕನ್ನೇ ತೆಗೆಯುವುದು. ನಾನು ಅವನ ಗುಳ್ಳೆಯನ್ನೇ ನೋಡುತ್ತಾ ಕೂತೆ. ಗುಳ್ಳೆ ನಿಂತಿತು. ನಿಂತೇ ಇತ್ತು. ಅಷ್ಟರಲ್ಲಿ ಕೆಳಗೆ ಪಕ್ಕದಲ್ಲಿದ್ದ ಯೋಗಣ್ಣ ಬಾಯಿಕೊಳವೆಯನ್ನು ಅವನ ಬಾಯಿಗೆ ತುರುಕಿ, ನಿಧಾನವಾಗಿ ಮೇಲೆ ತಂದರು. ಅವರ ಮುಖ ಬಿಳುಚಿತ್ತು. ಇವನ ಮುಖ ಆರಾಮವಾಗಿತ್ತು.

ಆದದ್ದಿಷ್ಟು. ಮಾಸ್ಕು ತೆಗೆದ ಕೂಡಲೇ ಇವನಿಗೆ ಹೊಳೆಯ ಅಭ್ಯಾಸ ಬಂದುಬಿಟ್ಟಿದೆ. ಬರಿಮೈಯಲ್ಲಿ ಮುಳುಗುತ್ತಾ ಬೆಳೆದವನು ದಮ್ಮು ಕಟ್ಟಿ ಕೂತಿದ್ದಾನೆ, ಕಣ್ಣಿನ ಗಾಜನ್ನು ನಿಧಾನವಾಗಿ ಹುಡುಕಿ, ಚೆನ್ನಾಗಿ ಕಟ್ಟಿಕೊಂಡು, ಆಮೇಲೆ ಕೊಳವೆ ಕಚ್ಚಿಕೊಂಡರಾಯಿತು ಎಂದುಕೊಂಡಿದ್ದಾನೆ. ಊರಿನಲ್ಲಿ ಇವನಿಗೆ ಹೆಸರು ತಂದದ್ದೇ ಆ ದಮ್ಮು. ಯೋಗಣ್ಣ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು. ಸಿಲಿಂಡರಿನ ಗಾಳಿ ಕುಡಿದವನು ದಮ್ಮು ಕಟ್ಟಬಾರದು. ಕಟ್ಟಿಕೊಂಡೇ ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ. ಮೊದಲು ಕೊಳವೆ, ಆಮೇಲೆ ಕಣ್ಣು. ಅಲ್ಲಿಯವರೆಗೆ ತುಟಿಯ ಸಂದಿಯಿಂದ ಸಣ್ಣಗೆ ಗುಳ್ಳೆ ಬಿಡುತ್ತಲೇ ಇರಬೇಕು.

ದಮ್ಮು ಕಟ್ಟುವ ಅಭ್ಯಾಸ ಮರೆಯುವುದಕ್ಕೆ ಅವನು ಮಧ್ಯಾಹ್ನದವರೆಗೆ ಒದ್ದಾಡಿದ. ಮತ್ತೆ ಮತ್ತೆ ಇಳಿದ, ಬೈಸಿಕೊಂಡ, ಉಪ್ಪುನೀರಿಗೆ ಕಣ್ಣು ದಾಸವಾಳದ ಹಾಗೆ ಕೆಂಪಾಯಿತು. ಕೊನೆಗೊಮ್ಮೆ ದೊಡ್ಡ ಗುಳ್ಳೆ ನಿಂತು, ಅದರ ಜಾಗದಲ್ಲಿ ಸಾಸಿವೆಯಂಥ ಸಣ್ಣ ಗುಳ್ಳೆಗಳ ಸಾಲು ಬಂತು. ಸಾಲು ಕಡಿಯಲಿಲ್ಲ. ಆಮೇಲೆ ಮತ್ತೆ ದೊಡ್ಡವು. ನಾನು ದಕ್ಕೆಯ ಮೇಲೆ ಒಬ್ಬನೇ ಚಪ್ಪಾಳೆ ತಟ್ಟಿದೆ. ಮೀನುಗಾರರು ಏನೆಂದು ತಿಳಿಯದೆಯೇ ತಾವೂ ತಟ್ಟಿದರು.

ಹೊರಡುವಾಗ ಯೋಗಣ್ಣ ಉಳಿದ ಬೆಲ್ಲವನ್ನೆಲ್ಲ ಇಟ್ಟುಕೊಂಡು, ಬಗನಿ ಬೆಲ್ಲವನ್ನು ಗರಿಯಲ್ಲಿ ಸುತ್ತಿ ಕೊಟ್ಟರು. ನಿಮ್ಮಕ್ಕನಿಗೆ ಎಂದರು.

ಗಂಜಾಂ

ಸಾಮಾನು ಬಂದದ್ದು ಸ್ವಲ್ಪ ದಿನ ಬಿಟ್ಟು. ತಳ್ಳುವ ಜಾತಿಯ ಮಾಸ್ಕು, ಕೆಸರು ನುಗ್ಗದ ಕವಾಟ, ಮರಿ ಸಿಲಿಂಡರು, ಎದೆಯ ಪೆಟ್ಟಿಗೆ, ಎಲ್ಲವೂ ಹೇಳಿದ ಹಾಗೆಯೇ ಇದ್ದವು. ಹೊಳೆಯಲ್ಲಿ ನೀರು ಇನ್ನೂ ಏರಿರಲಿಲ್ಲ. ನಿಮಿಷಾಂಬೆಯ ಗುಡಿಯ ಮೆಟ್ಟಿಲಿನಿಂದ ಕೊಂಚ ಕೆಳಗೆ, ಮಡು ಇರುವ ಕಡೆ ತಂಡದ ಹುಡುಗರೆಲ್ಲ ಸೇರಿದರು. ತುಂಬು ಬಸುರಿ ಸವಿತ ಕಲ್ಲಿನ ಮೇಲೆ ಕೂತಳು. ನಾನು ಪಕ್ಕದಲ್ಲಿ ನಿಂತು, ಏನು ನಡೆಯುತ್ತದೆ, ಗುಳ್ಳೆಯನ್ನು ಹೇಗೆ ಓದಬೇಕು ಎಂದು ಅವಳಿಗೆ ಹೇಳಿಕೊಟ್ಟೆ.

ಪುಟ್ಟರಾಜು ಮಾಸ್ಕು ಮುಖದ ಹತ್ತಿರ ತಂದಿದ್ದ. ಅಕ್ಕ ಮೆಟ್ಟಿಲಿಳಿದು ಬಂದು ಅವನ ಕೈ ಹಿಡಿದಳು. ಬೆರಳಿನಿಂದ ಕಿವಿಯ ಮುಂದೆ, ಗದ್ದದ ಕೆಳಗೆ ಸವರಿ ನೋಡಿದಳು. ಲಂಕೆಯಿಂದ ಬಂದ ಮೇಲೆ ಅಲ್ಲಿ ಮತ್ತೆ ಚಿಗುರಿತ್ತು.

"ಬದು ಬೆಳ್ದದೆ, ಕಣ್ಣಿಗ್ ಕಾಣಾಕಿಲ್ವಾ? ಇಂಗೇ ಇಳಿಸ್ತೀಯೇನ್ಲಾ ನಂಜ?"

ನಾನು ರೇಜರು ತಂದಿರಲಿಲ್ಲ. ಅಕ್ಕ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಕತ್ತರಿಯೂ ಇತ್ತು, ಹೊಸ ರೇಜರೂ ಇತ್ತು. ಹೊಳೆಯ ನೀರನ್ನೇ ಹಚ್ಚಿ, ಎಲ್ಲರ ಮುಂದೆ ಬದು ಸವರಿದೆ.

ಅವನು ಇಳಿದ. ಗುಳ್ಳೆ ಬಿಟ್ಟುಬಿಟ್ಟು ಬಂತು. ಜೊತೆಗೆ ಇಳಿದಿದ್ದ ತಂಡದ ಹುಡುಗ ಕೆಳಗೆ ಅವನ ದೊಡ್ಡ ಸಿಲಿಂಡರಿನ ಗಾಳಿ ನಿಲ್ಲಿಸುವ ಹೊತ್ತಾಯಿತು. ಗುಳ್ಳೆ ನಿಂತಿತು. ಸವಿತ ನನ್ನ ಮುಂಗೈ ಹಿಡಿದುಕೊಂಡಳು. ಬಳೆ ನನ್ನ ಚರ್ಮಕ್ಕೆ ಒತ್ತಿತು. ನೀರಿನ ಮೇಲೆ ಒಂದು ಎಲೆ ತೇಲಿಕೊಂಡು ಹೋಯಿತು. ಆಮೇಲೆ ಅದೇ ಜಾಗದಲ್ಲಿ ಒಂದು ಗೊಂಚಲು ಮೇಲೆ ಬಂದು ಒಡೆಯಿತು. ಅದರ ಹಿಂದೆ ಇನ್ನೊಂದು.

"ಇದು ಮರಿ ಸಿಲಿಂಡ್ರುದಾ?" ಎಂದಳು.

"ಅದ್ರುದೇ ಕಣವ್ವ."

ಸವಿತ ನನ್ನ ಕೈ ಬಿಟ್ಟಳು. ಇನ್ನೊಂದು ಗೊಂಚಲು ಬರುವವರೆಗೆ ನೋಡಿ, "ಅಂಗಾರೆ ಓಗ್ಲಿ ಬುಡಿ, ಮಾವ, ಕೆಲ್ಸಕ್ಕೆ," ಎಂದಳು.

ಅಕ್ಕ ಕತ್ತರಿಯನ್ನೂ ರೇಜರನ್ನೂ ಹೊಳೆಯಲ್ಲಿ ತೊಳೆದು, ಒರೆಸಿ, ಮತ್ತೆ ಸೆರಗಿಗೆ ಗಂಟು ಹಾಕಿಕೊಂಡಳು.